ಕಾಯುವವರು, ತೀರ್ಮಾನಿಸುವವರು

ಅರಣ್ಯ ನಿರ್ವಹಣೆಯಲ್ಲಿ ಜನರ ಸಹಭಾಗಿತ್ವದ ಕಥೆಯನ್ನು ಸರ್ಕಾರಿ ಕಡತಗಳು 1990ರಿಂದ ಶುರು ಮಾಡುತ್ತವೆ. ಕುಮಟಾ ತಾಲ್ಲೂಕಿನ ಹಳಕಾರ, ಕಲ್ಲಬ್ಬೆ, ಚಿತ್ರಗಿಗಳ ಮಟ್ಟಿಗೆ ಅದು 1920ರ ದಶಕದಲ್ಲೇ ಶುರುವಾಗಿತ್ತು. ಈ ಊರುಗಳಿರುವ ಉತ್ತರ ಕನ್ನಡ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಮೀಸಲು ಅರಣ್ಯದ ಗೆರೆ ಮನೆಯ ಹಿತ್ತಿಲಿನವರೆಗೂ ಬಂದಾಗ ಸೊಪ್ಪು, ಸೌದೆ, ಮೇವಿಗಾಗಿ ಜನರ ತಕರಾರು ಜೋರಾಯಿತು. ಅದನ್ನು ವಿಚಾರಿಸಿದ ಕಾಲಿನ್ಸ್ ಎಂಬ ಅಧಿಕಾರಿಯ ವರದಿಯ ತರುವಾಯ ಕೆಲವು ಹಳ್ಳಿಗಳ ಕೈಗೇ ಕಾಡು ಬಂತು. ವ್ಯವಸ್ಥೆ ಸರಳ. ಹಳ್ಳಿಯವರೇ ಆರಿಸಿದ ಗ್ರಾಮ ಅರಣ್ಯ ಪಂಚಾಯತ, ಮನೆಮನೆಯ ವಂತಿಗೆ, ಆ ಹಣದಿಂದ ಸಂಬಳ ಪಡೆಯುವ ಕಾವಲುಗಾರ, ಯಾರು ಏನನ್ನು ಯಾವಾಗ ತರಬಹುದು ಎಂಬ ನಿಯಮ, ಮುರಿದವರಿಗೆ ದಂಡ.

1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಹೊಸ ರಾಜ್ಯದ ಕಾನೂನಿನಲ್ಲಿ ಇಂಥ ಪಂಚಾಯತಗಳಿಗೆ ಜಾಗವಿರಲಿಲ್ಲ. ಮುಂದೆ ಅವನ್ನು ರದ್ದು ಮಾಡಲು ಇಲಾಖೆ ಹೊರಟಾಗ ಹಳಕಾರ ಮತ್ತು ಕಲ್ಲಬ್ಬೆಯವರು ನ್ಯಾಯಾಲಯದಿಂದ ತಡೆಯಾಜ್ಞೆ ತಂದು ಕಾಡು ಉಳಿಸಿಕೊಂಡರು. ಪಂಚಾಯತ ಇಲ್ಲವಾದ ಚಿತ್ರಗಿಯಲ್ಲಿ ಕಾಡು ಬಹುಬೇಗ ಬರಿದಾಯಿತು. ಈ ಹಳ್ಳಿಗಳ ಬಗ್ಗೆ ಬರೆದ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಈ ವ್ಯತ್ಯಾಸವನ್ನು ಎತ್ತಿ ತೋರಿಸಿದ್ದಾರೆ. ಅದೇ ಜನ, ಅದೇ ಕರಾವಳಿಯ ಮಳೆ. ಬದಲಾಗಿದ್ದು ಅಧಿಕಾರ ಯಾರಲ್ಲಿ ಎಂಬುದೊಂದೇ.

ಹಾಗೆಂದು ಹಳ್ಳಿಯ ಎಲ್ಲ ಹಕ್ಕೂ ಎಲ್ಲರ ಹಕ್ಕಾಗಿರಲಿಲ್ಲ. ಘಟ್ಟದ ಮೇಲಿನ ಅಡಿಕೆ ತೋಟಿಗರಿಗೆ ಎಕರೆ ತೋಟಕ್ಕೆ ಗರಿಷ್ಠ 9 ಎಕರೆಯಂತೆ ಸೊಪ್ಪಿನ ಬೆಟ್ಟದ (ಗೊಬ್ಬರದ ಸೊಪ್ಪು ತರುವ ಕಾಡಿನ) ಸವಲತ್ತು ಸಿಕ್ಕಿತು. ತೋಟವೇ ಇಲ್ಲದವನಿಗೆ ಬೆಟ್ಟವೂ ಇಲ್ಲ. ‘ಸಮುದಾಯ’ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವವರು ಇದನ್ನು ಮರೆಯುತ್ತಾರೆ.

ಸ್ವಾತಂತ್ರ್ಯಾನಂತರದ ಮೊದಲ ಮೂರು ದಶಕಗಳಲ್ಲಿ ಹೇಳುವಂಥದ್ದು ಕಡಿಮೆ. ಕಾರ್ಖಾನೆಗಳಿಗೆ ಮರ, ಕಡಿದಲ್ಲಿ ತೇಗ, ನೀಲಗಿರಿ. ಮಾತು ಬದಲಾದದ್ದು ಪ್ರತಿಭಟನೆಯಿಂದ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡರು. ‘ಉಳಿಸು, ಬೆಳೆಸು, ಬಳಸು’ ಎಂಬ ಈ ಅಪ್ಪಿಕೋ ಚಳವಳಿಯ ಘೋಷಣೆಯಲ್ಲಿ ಕೊನೆಯ ಪದಕ್ಕೂ ಜಾಗವಿತ್ತು. ಪೇಟೆಯ ಪರಿಸರ ಪ್ರೇಮಕ್ಕೆ ಅಷ್ಟು ಹಿತವಾಗದ ಪದ ಅದು.

ನಾಲ್ಕು ವರ್ಷಗಳ ನಂತರ ಜಗಳ ಗೋಮಾಳಕ್ಕೆ ಇಳಿಯಿತು. ಹರಿಹರದ ನಾರು ಕಾರ್ಖಾನೆಗೆ ಮರ ಬೆಳೆಯಲು ಸರ್ಕಾರ ಮತ್ತು ಆ ಕಾರ್ಖಾನೆಯ ಕಂಪನಿ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಕಟ್ಟಿದ್ದವು. ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿ ಅದರ ಪಾಲಾಗುವುದಿತ್ತು. ದನ ಎಲ್ಲಿ ಮೇಯಬೇಕು, ಸೌದೆ ಎಲ್ಲಿಂದ ತರಬೇಕು ಎಂದು ಹಳ್ಳಿಗರನ್ನು ಯಾರೂ ಕೇಳಿರಲಿಲ್ಲ. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಮತ್ತು ಸಾಹಿತಿ ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು, ಈಗ ಹಾವೇರಿ ಜಿಲ್ಲೆಯಲ್ಲಿರುವ ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. 1991ರಲ್ಲಿ ಕರ್ನಾಟಕ ಪಲ್ಪ್‌ವುಡ್ ಕಂಪನಿಯನ್ನೇ ಮುಚ್ಚಲಾಯಿತು.

ಅಷ್ಟರಲ್ಲಿ 1988ರ ರಾಷ್ಟ್ರೀಯ ಅರಣ್ಯ ನೀತಿ, ಕಾಡಿನ ನಿರ್ವಹಣೆಯಲ್ಲಿ ಜನರನ್ನು ಸೇರಿಸಿಕೊಳ್ಳಲು ಹೇಳಿದ ಕೇಂದ್ರದ 1990ರ ಜೂನ್ ಸುತ್ತೋಲೆ ಬಂದಿದ್ದವು. ಕರ್ನಾಟಕ 1993ರಲ್ಲಿ ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಯ ಆದೇಶ ಹೊರಡಿಸಿತು. ಬ್ರಿಟನ್ ನೆರವಿನ ಪಶ್ಚಿಮ ಘಟ್ಟ ಯೋಜನೆ ಉತ್ತರ ಕನ್ನಡದಲ್ಲಿ ಅದಕ್ಕೆ ಬಲ ಕೊಟ್ಟಿತು, ಮುಂದೆ ಜಪಾನಿನ ಸಾಲವೂ ಬಂತು. ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿದವು. ಆದರೆ ಆದೇಶ ಮೊದಲಿಗೆ ಅನ್ವಯಿಸಿದ್ದು ಶೇ 25ಕ್ಕಿಂತ ಕಡಿಮೆ ಮರಹೊದಿಕೆಯ ಕಾಡಿಗೆ, ಅಂದರೆ ಆಗಲೇ ಬೋಳಾಗಿದ್ದ ಜಾಗಕ್ಕೆ. ಸಮಿತಿಯ ಕಾರ್ಯದರ್ಶಿ ಅರಣ್ಯ ಇಲಾಖೆಯ ಫಾರೆಸ್ಟರ್, ಬ್ಯಾಂಕ್ ಖಾತೆಗೆ ಅವರದೂ ಸಹಿ. ನೆಟ್ಟದ್ದು ಬಹುಪಾಲು ಅಕೇಶಿಯಾ. ಅದರ ಎಲೆಯನ್ನು ದನ ಮೂಸಿಯೂ ನೋಡುವುದಿಲ್ಲ. ಹಲವು ಸಮಿತಿಗಳು ಯೋಜನೆಯ ಹಣ ಮುಗಿದ ಕೂಡಲೇ ಮಲಗಿದವು. ಆದಾಯದಲ್ಲಿ ಪಾಲು ಕೊಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಪಾಲು ಎನ್ನುವುದು ಕೂಲಿಯ ಇನ್ನೊಂದು ರೂಪವಾಗದಿರಬೇಕಾದರೆ ಯಾವ ಗಿಡ ನೆಡಬೇಕು ಎನ್ನುವ ಮಾತೂ ಹಳ್ಳಿಯದಾಗಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ತೀರ್ಮಾನ ಯಾರದು ಎಂಬ ಈ ಪ್ರಶ್ನೆ ಅತ್ಯಂತ ಬಿಗಿಯಾಗಿ ಎದುರಾಗಿರುವುದು ಬಿಳಿಗಿರಿರಂಗನ ಬೆಟ್ಟದಲ್ಲಿ. 1974ರಲ್ಲಿ ಅಲ್ಲಿ ವನ್ಯಧಾಮವಾದಾಗ ಅಲ್ಲಿನ ಆದಿವಾಸಿಗಳಾದ ಸೋಲಿಗರ ಬೇಸಾಯ, ಬೇಟೆ, ತರಗು ಬೆಂಕಿ ಎಲ್ಲಕ್ಕೂ ನಿಷೇಧ ಬಿತ್ತು. ತರಗು ಬೆಂಕಿ ಎಂದರೆ ಬೇಸಿಗೆಯ ಮೊದಲಲ್ಲಿ ನೆಲದ ಒಣಗಿದ ಎಲೆಗೆ ಹಚ್ಚುತ್ತಿದ್ದ ಸಣ್ಣ ಬೆಂಕಿ. ಜೀವನಕ್ಕೆ ಉಳಿದದ್ದು ಜೇನು, ನೆಲ್ಲಿ, ಸೀಗೆ, ಪಾಚಿ. ಅವನ್ನು ಲ್ಯಾಂಪ್ಸ್ ಎಂಬ ಆದಿವಾಸಿ ವಿವಿಧೋದ್ದೇಶ ಸಹಕಾರ ಸಂಘಗಳ ಮೂಲಕ ಮಾರುತ್ತಿದ್ದರು. 1990ರ ದಶಕದಿಂದ ಏಟ್ರೀ ಸಂಶೋಧನಾ ಸಂಸ್ಥೆ ಮತ್ತು ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಜೊತೆ ಸೇರಿ ನೆಲ್ಲಿ ಇಳುವರಿಯನ್ನು ಕೊಯ್ಲಿಗೆ ಮೊದಲೇ ಅಂದಾಜು ಮಾಡುವ ಕೆಲಸ ಸೋಲಿಗರಿಂದಲೇ ನಡೆಯಿತು. ಬೆಂಕಿ ನಿಂತಮೇಲೆ ನೆಲ್ಲಿ ಮರಕ್ಕೆ ಬಂದಣಿಕೆ (ಅವರ ಮಾತಿನಲ್ಲಿ ಉಪ್ಪಿಲು) ಹೆಚ್ಚಿತು, ಲಂಟಾನ ಕಾಡು ತುಂಬಿತು ಎಂದು ಅವರು ಹೇಳುತ್ತಲೇ ಬಂದರು. ಕೆಲವು ಸಂಶೋಧಕರು ಈ ಮಾತನ್ನು ಅಧ್ಯಯನದ ವಿಷಯವಾಗಿಸಿದರು. ಕಾನೂನು ಕೇಳಿಸಿಕೊಳ್ಳಲಿಲ್ಲ. ವನ್ಯಜೀವಿ ಕಾಯ್ದೆಯ ತಿದ್ದುಪಡಿಯಿಂದಾಗಿ ಮಾರಾಟಕ್ಕೆ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವುದೂ ನಿಂತುಹೋಯಿತು.

2006ರ ಅರಣ್ಯ ಹಕ್ಕು ಕಾಯ್ದೆ ಈ ಲೆಕ್ಕವನ್ನು ಬದಲಿಸಿತು. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು; ಅದೇ ವರ್ಷದ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಕಾಡಿನೊಳಗೆ ಇಂಥ ಹಕ್ಕು ದೇಶಕ್ಕೇ ಅಪರೂಪದ್ದಾಗಿತ್ತು. ಹೀಗೆ ಒಂದೇ ಕಾಡಿಗೆ ಎರಡು ಯೋಜನೆಗೆ ಅವಕಾಶವಾಯಿತು: ವನ್ಯಜೀವಿ ಕಾಯ್ದೆ ಕೇಳುವ ಹುಲಿ ಸಂರಕ್ಷಣಾ ಯೋಜನೆ ಒಂದು, ಗ್ರಾಮಸಭೆಯ ಸಮಿತಿ ಮಾಡಬಹುದಾದ ನಿರ್ವಹಣಾ ಯೋಜನೆ ಇನ್ನೊಂದು. 2012ರಲ್ಲಿ ತಿದ್ದಿದ ನಿಯಮದ ಪ್ರಕಾರ ಸಮಿತಿಯ ಯೋಜನೆಯನ್ನು ಇಲಾಖೆಯ ಯೋಜನೆಯೊಂದಿಗೆ ಹೊಂದಿಸಬೇಕು. ಅದಕ್ಕೆ ಯಾವ ಮಾರ್ಪಾಡು ಬೇಕೆಂದು ಹೇಳುವುದು ಸಮಿತಿ, ಇಲಾಖೆಯಲ್ಲ. ತರಗು ಬೆಂಕಿಯ ವಿಷಯದಲ್ಲಿ ಈ ನಿಯಮವನ್ನು ಅಕ್ಷರಶಃ ಪಾಲಿಸಿದರೆ ಪೋಡಿನ (ಸೋಲಿಗರ ಹಾಡಿಯ) ಹಿರಿಯರ ಮಾತು ಅರಣ್ಯಾಧಿಕಾರಿಯ ಕಡತದೊಳಗೆ ಹೋಗಲೇಬೇಕಾಗುತ್ತದೆ.