ಹೃದಯದ ಕ್ಯಾಲ್ಸಿಯಂ ಬಂಧಕ ಪ್ರೋಟೀನ್‌ಗಳು

ಹೃದಯಸ್ನಾಯುವಿನ ಜೀವಕೋಶದೊಳಗೆ ಕ್ಯಾಲ್ಸಿಯಂ ಅಯಾನುಗಳನ್ನು ಹಿಡಿದುಕೊಂಡು, ಅವು ಹೊತ್ತು ತಂದ ಸಂಕೇತವನ್ನು ಸಂಕುಚನ, ಸಡಿಲಿಕೆ, ಬೆಳವಣಿಗೆಗಳಾಗಿ ಮಾರ್ಪಡಿಸುವ ಪ್ರೋಟೀನ್‌ಗಳ ಗುಂಪು. ಟ್ರೋಪೊನಿನ್-ಸಿ, ಕ್ಯಾಲ್‌ಮಾಡ್ಯುಲಿನ್, ಕ್ಯಾಲ್‌ಸೀಕ್ವೆಸ್ಟ್ರಿನ್, ಎಸ್100ಎ1 ಇವುಗಳಲ್ಲಿ ಪ್ರಮುಖವಾದವು.

ಕ್ಯಾಲ್ಸಿಯಂ ಇಲ್ಲದೆ ಹೃದಯ ಮಿಡಿಯದೆಂದು ತೋರಿಸಿಕೊಟ್ಟವನು ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್. ಕಪ್ಪೆಯ ಹೃದಯವನ್ನು ಉಪ್ಪಿನ ದ್ರಾವಣದಲ್ಲಿಟ್ಟು ಮಿಡಿಸುತ್ತಿದ್ದ ಅವನ ಪ್ರಯೋಗ, ನಲ್ಲಿನೀರಿನ ಬದಲು ಬಟ್ಟಿ ಇಳಿಸಿದ ನೀರು ಬಳಸಿದಾಗ ಕೆಟ್ಟಿತು. ನಲ್ಲಿನೀರಿನಲ್ಲಿದ್ದ ಅಲ್ಪಸ್ವಲ್ಪ ಕ್ಯಾಲ್ಸಿಯಮ್ಮೇ ಅಲ್ಲಿಯವರೆಗೆ ಹೃದಯವನ್ನು ನಡೆಸಿತ್ತು. 1883ರಲ್ಲಿ ರಿಂಗರ್ ಇದನ್ನು ಪ್ರಕಟಿಸಿದ. ಆದರೆ ಸ್ನಾಯುವಿನೊಳಗೆ ಆ ಕ್ಯಾಲ್ಸಿಯಂ ಯಾವುದಕ್ಕೆ ಅಂಟಿಕೊಳ್ಳುತ್ತದೆಂಬ ಪ್ರಶ್ನೆಗೆ ಉತ್ತರ ಸಿಗಲು ಎಂಬತ್ತು ವರ್ಷ ಬೇಕಾಯಿತು. 1960ರ ದಶಕದಲ್ಲಿ ಜಪಾನಿನ ಸೆತ್ಸುರೊ ಎಬಾಶಿ ಮತ್ತು ಸಂಗಡಿಗರು ಟ್ರೋಪೊನಿನ್ನನ್ನು ಗುರುತಿಸಿದರು.

ವಿಶ್ರಾಂತಿಯಲ್ಲಿರುವ ಹೃದಯಕೋಶದ ಒಳಗಿನ ಕ್ಯಾಲ್ಸಿಯಂ ಹೊರಗಿನದರ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ. ವಿದ್ಯುತ್ ಪ್ರಚೋದನೆ ಬಂದೊಡನೆ ಕೋಶಪೊರೆಯ ಕಾಲುವೆಗಳು ತೆರೆದು ಸ್ವಲ್ಪ ಕ್ಯಾಲ್ಸಿಯಂ ಒಳಬರುತ್ತದೆ. ಸಂಕುಚನಕ್ಕೆ ಅಷ್ಟೇ ಸಾಲದು. ಸಾರ್ಕೊಪ್ಲಾಸ್ಮಿಕ್ ಜಾಲವೆಂಬ ಒಳಸಂಗ್ರಹದ ಗೋಡೆಯಲ್ಲಿರುವ ರಯನೊಡೀನ್ ಗ್ರಾಹಕವನ್ನು ಅದು ತೆರೆಸುತ್ತದೆ; ಕೆರೆಯ ತೂಬು ಎತ್ತಿದಂತೆ ದೊಡ್ಡ ಪ್ರಮಾಣದ ಕ್ಯಾಲ್ಸಿಯಂ ಹೊರನುಗ್ಗುತ್ತದೆ. ಸಂಗ್ರಹದೊಳಗೆ ಅದನ್ನು ಹಿಡಿದಿಟ್ಟಿದ್ದುದು ಕ್ಯಾಲ್‌ಸೀಕ್ವೆಸ್ಟ್ರಿನ್. ಅದರ ಒಂದೊಂದು ಅಣುವೂ ಹತ್ತಾರು ಅಯಾನುಗಳನ್ನು ಹೊರಬಲ್ಲದು. ಹೊರಬಂದ ಕ್ಯಾಲ್ಸಿಯಂ ಟ್ರೋಪೊನಿನ್-ಸಿಗೆ ಅಂಟಿದಾಗ ಆಕ್ಟಿನ್ ಮತ್ತು ಮಯೋಸಿನ್ ಎಳೆಗಳ ನಡುವಿನ ತಡೆ ಸರಿದು ಸ್ನಾಯು ಕುಗ್ಗುತ್ತದೆ.

ಮಿಡಿತವೆಂದರೆ ಕುಗ್ಗುವುದೆಂದೇ ಹೆಚ್ಚಿನವರ ಭಾವನೆ. ಹೃದ್ರೋಗದ ಎಷ್ಟೋ ಸಂಗತಿಗಳು ಅರ್ಥವಾಗುವುದು ಮಾತ್ರ ಸಡಿಲಿಕೆಯ ಕಡೆಯಿಂದ. ಹೊರಬಂದ ಕ್ಯಾಲ್ಸಿಯಮ್ಮಿನ ಬಹುಪಾಲನ್ನು ‘ಸೆರ್ಕಾ’ ಎಂಬ ಪಂಪು ಮರಳಿ ಸಂಗ್ರಹಕ್ಕೆ ಎಳೆದುಕೊಳ್ಳಬೇಕು. ಎರಡು ಅಯಾನುಗಳನ್ನು ಸಾಗಿಸಲು ಅದಕ್ಕೆ ಒಂದು ಎಟಿಪಿ ಅಣುವಿನ ಶಕ್ತಿ ಖರ್ಚು. ಬರೀ 52 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್ ಫಾಸ್ಫೊಲ್ಯಾಂಬಾನ್ ಈ ಪಂಪಿನ ವೇಗವನ್ನು ತಗ್ಗಿಸಿಟ್ಟಿರುತ್ತದೆ. ಭಯದಲ್ಲೋ ಓಟದಲ್ಲೋ ಅಡ್ರಿನಾಲಿನ್ ಏರಿದಾಗ ಆ ತಡೆ ಕಳಚಿ, ಹೃದಯ ಬೇಗ ಸಡಿಲಗೊಂಡು ಮುಂದಿನ ಮಿಡಿತಕ್ಕೆ ಅಣಿಯಾಗುತ್ತದೆ.

ಹೃದಯ ವೈಫಲ್ಯದಲ್ಲಿ ಸಾಮಾನ್ಯವಾಗಿ ಈ ಪಂಪು ಸೊರಗುತ್ತದೆ, ಗ್ರಾಹಕ ಸೋರತೊಡಗುತ್ತದೆ. ಸಂಗ್ರಹ ಬರಿದಾಗಿ ಸಂಕುಚನ ಬಲಗುಂದುತ್ತದೆ. ಸೋರಿದ ಕ್ಯಾಲ್ಸಿಯಂ ಲಯ ಕೆಡಿಸುತ್ತದೆ. ಪಂಪಿಗೂ ಗ್ರಾಹಕಕ್ಕೂ ನೆರವಾಗುವ ಎಸ್100ಎ1 ಕೂಡ ಇಂಥ ಹೃದಯಗಳಲ್ಲಿ ಕಡಿಮೆಯಾಗಿರುತ್ತದೆ.

ಕ್ಯಾಲ್‌ಮಾಡ್ಯುಲಿನ್ನಿನ ಪಾತ್ರ ಇನ್ನೂ ವಿಶಾಲವಾದುದು. 148 ಅಮೈನೋ ಆಮ್ಲಗಳ ಈ ಪ್ರೋಟೀನಿನಲ್ಲಿ ಕ್ಯಾಲ್ಸಿಯಂ ಕೂರುವ ನಾಲ್ಕು ತಾಣಗಳಿವೆ. ಅವು ತುಂಬಿದಾಗ ಅದು ಆಕಾರ ಬದಲಿಸಿ ಬೇರೆ ಕಿಣ್ವಗಳನ್ನು ಎಬ್ಬಿಸುತ್ತದೆ. ಅವುಗಳಲ್ಲೊಂದು ಕ್ಯಾಲ್ಸಿನ್ಯೂರಿನ್. ಅದು ಸಕ್ರಿಯವಾದಾಗ ಹೃದಯ ದಪ್ಪಗಾಗಿಸುವ ಜೀನುಗಳು ಚುರುಕಾಗುತ್ತವೆಂದು 1998ರಲ್ಲಿ ಇಲಿಗಳಲ್ಲಿ ತೋರಿಸಲಾಯಿತು. ಇನ್ನೊಂದು ಕ್ಯಾಮ್‌ಕೈನೇಸ್-2. ಒಮ್ಮೆ ಎದ್ದ ಮೇಲೆ ತನಗೆ ತಾನೇ ಫಾಸ್ಫೇಟ್ ಅಂಟಿಸಿಕೊಂಡು, ಕ್ಯಾಲ್ಸಿಯಂ ಇಳಿದ ಮೇಲೂ ಅದು ಕೆಲಸ ಮುಂದುವರಿಸಬಲ್ಲದು. ಗ್ರಾಹಕದ ಸೋರಿಕೆಗೆ ಇದೂ ಒಂದು ಕಾರಣ.

ಮನುಷ್ಯನಲ್ಲಿ ಮೂರು ಜೀನುಗಳು ಒಂದೇ ಕ್ಯಾಲ್‌ಮಾಡ್ಯುಲಿನ್ನನ್ನು ತಯಾರಿಸುತ್ತವೆ. ಅಂದರೆ ಒಟ್ಟು ಆರು ಪ್ರತಿಗಳು. ಒಂದು ಕೆಟ್ಟರೆ ಉಳಿದವು ನಿಭಾಯಿಸಬೇಕಿತ್ತು. ಆದರೆ ಆರರಲ್ಲಿ ಒಂದೇ ಒಂದು ಪ್ರತಿಯ ದೋಷವೂ ಮಾರಕ ಲಯತಪ್ಪುವಿಕೆ ತರಬಲ್ಲದೆಂದು 2012ರಲ್ಲಿ ಸ್ವೀಡನ್ನಿನ ಒಂದು ಕುಟುಂಬದ ಅಧ್ಯಯನದಿಂದ ತಿಳಿಯಿತು. ರಯನೊಡೀನ್ ಗ್ರಾಹಕ ಅಥವಾ ಕ್ಯಾಲ್‌ಸೀಕ್ವೆಸ್ಟ್ರಿನ್ನಿನ ಜೀನು ಕೆಟ್ಟಾಗಲೂ ಇಂಥದೇ ಕಾಯಿಲೆ ಬರುತ್ತದೆ. ವಿಶ್ರಾಂತಿಯಲ್ಲಿ ತೆಗೆದ ಇಸಿಜಿ ಸಹಜವಾಗಿಯೇ ಇರುತ್ತದೆ. ಆಟದ ನಡುವೆ, ಈಜುವಾಗ, ಬೆಚ್ಚಿಬಿದ್ದಾಗ ಮಗು ಪ್ರಜ್ಞೆ ತಪ್ಪುತ್ತದೆ. ಇದನ್ನು ಮೂರ್ಛೆರೋಗವೆಂದು ತಪ್ಪಾಗಿ ತಿಳಿಯುವುದುಂಟು, ಹಾಗಾದರೆ ಅಮೂಲ್ಯ ಸಮಯ ಕಳೆದುಹೋಗುತ್ತದೆ. ವ್ಯಾಯಾಮದ ಇಸಿಜಿ ಪರೀಕ್ಷೆ ಬೇಕಾಗುವುದು ಇಲ್ಲೇ. ಬೀಟಾ ಬ್ಲಾಕರ್ ಮೊದಲ ಔಷಧ. ಸಾಲದಿದ್ದರೆ ಫ್ಲೆಕೈನೈಡ್ ಸೇರಿಸುತ್ತಾರೆ.

ಎದೆನೋವೆಂದು ಆಸ್ಪತ್ರೆಗೆ ಬಂದವರಿಗೆ ಮಾಡುವ ಟ್ರೋಪೊನಿನ್ ರಕ್ತಪರೀಕ್ಷೆ ಅಳೆಯುವುದು ಟ್ರೋಪೊನಿನ್-ಐ ಅಥವಾ ಟಿಯನ್ನು. ಕ್ಯಾಲ್ಸಿಯಂ ಹಿಡಿಯುವ ಟ್ರೋಪೊನಿನ್-ಸಿ ಇದಕ್ಕೆ ಒದಗುವುದಿಲ್ಲ, ಏಕೆಂದರೆ ಹೃದಯದಲ್ಲಿರುವ ಅದರ ರೂಪವೇ ಕೈಕಾಲುಗಳ ನಿಧಾನ ಸ್ನಾಯುಗಳಲ್ಲೂ ಇದೆ. ಚಿಕಿತ್ಸೆಯಲ್ಲಿ ಮಾತ್ರ ಅದಕ್ಕೆ ನೇರ ಸ್ಥಾನವಿದೆ: ಲೆವೊಸಿಮೆಂಡಾನ್ ಎಂಬ ಔಷಧ ಅದಕ್ಕೆ ಅಂಟಿ, ಒಳಗಿನ ಕ್ಯಾಲ್ಸಿಯಂ ಹೆಚ್ಚಿಸದೆಯೇ ಸಂಕುಚನದ ಬಲ ಹೆಚ್ಚಿಸುತ್ತದೆ.

ಸೊರಗಿದ ಪಂಪಿನ ಜೀನನ್ನು ವೈರಸ್ಸಿನ ಮೂಲಕ ಹೃದಯಕ್ಕೆ ತಲುಪಿಸುವ ‘ಕ್ಯುಪಿಡ್-2’ ಪ್ರಯೋಗದಲ್ಲಿ 250 ರೋಗಿಗಳಿದ್ದರು. ಮೊದಲಿನ ಚಿಕ್ಕ ಪ್ರಯೋಗ ಮೂಡಿಸಿದ್ದ ಆಸೆಯನ್ನು 2015ರಲ್ಲಿ ಹೊರಬಿದ್ದ ಇದರ ಫಲಿತಾಂಶ ಈಡೇರಿಸಲಿಲ್ಲ. ಹೃದಯಕೋಶಗಳಿಗೆ ತಲುಪಿದ ಜೀನಿನ ಪ್ರಮಾಣವೇ ತೀರ ಕಡಿಮೆಯಿತ್ತೆಂಬುದು ಸಂಶೋಧಕರು ಕೊಟ್ಟ ಮುಖ್ಯ ವಿವರಣೆ. ಎಸ್100ಎ1 ಜೀನನ್ನು ಇದೇ ಬಗೆಯಲ್ಲಿ ನೀಡಿದಾಗ, ಹೃದಯ ವೈಫಲ್ಯವಿದ್ದ ಹಂದಿಗಳಲ್ಲಿ ಸಂಕುಚನ ಸುಧಾರಿಸಿದೆ.