ವಂಕಿ (ಕಾಪರ್-ಟಿ)

ಗರ್ಭಕೋಶದೊಳಗೆ ಇರಿಸುವ, ತಾಮ್ರದ ತಂತಿ ಸುತ್ತಿದ ಪುಟ್ಟ ಪ್ಲಾಸ್ಟಿಕ್ ಗರ್ಭನಿರೋಧಕ ಸಾಧನ. ತಾಮ್ರದ ಅಯಾನುಗಳು ವೀರ್ಯಾಣುಗಳ ಚಲನೆಯನ್ನು ಕುಂದಿಸುತ್ತವೆ. ಹಾರ್ಮೋನ್ ಇಲ್ಲದ ಕಾರಣ ಹಾಲೂಡಿಸುವ ತಾಯಂದಿರಿಗೂ ಇದು ಒಗ್ಗುತ್ತದೆ. ಭಾರತದ ಕುಟುಂಬ ಯೋಜನೆಗೆ 1965ರಲ್ಲಿ ಬಂದ ಲಿಪ್ಪೀಸ್ ಲೂಪ್ ಇದರ ಪೂರ್ವರೂಪ. ಈಗಿನ 380-ಎ ಮಾದರಿ 10 ವರ್ಷ ಕೆಲಸ ಮಾಡುತ್ತದೆ. ತೆಗೆಸಿದರೆ ಮತ್ತೆ ಗರ್ಭ ಧರಿಸಬಹುದು.

ಮೊದಲ 3ರಿಂದ 6 ತಿಂಗಳು ಮುಟ್ಟಿನ ಸ್ರಾವವೂ ಹೊಟ್ಟೆನೋವೂ ಹೆಚ್ಚಬಹುದು. ರಕ್ತಹೀನತೆ ವ್ಯಾಪಕವಾಗಿರುವ ನಾಡಿನಲ್ಲಿ ಇದನ್ನು ಹಗುರವಾಗಿ ಕಾಣುವಂತಿಲ್ಲ; ಅಳವಡಿಸುವ ಮೊದಲೇ ಮಹಿಳೆಗೆ ವಿವರಿಸಿ, ಅವಳ ಒಪ್ಪಿಗೆ ಪಡೆಯಲೇಬೇಕು. ಕೆಲವೊಮ್ಮೆ ವಂಕಿ ತಾನಾಗಿ ಜಾರಿ ಹೊರಬೀಳುತ್ತದೆ. ಗರ್ಭಕೋಶದ ಗೋಡೆ ತೂತಾಗುವುದು ತೀರಾ ಅಪರೂಪ. ವಂಕಿ ಎದೆಗೇರುತ್ತದೆಂಬ ಭೀತಿಗೆ ಆಧಾರವಿಲ್ಲ. ಲೈಂಗಿಕ ಸೋಂಕುಗಳಿಂದ ವಂಕಿ ರಕ್ಷಿಸದು. ಅದಕ್ಕೆ ಕಾಂಡೋಮ್ ಬೇಕು.