ಇಸೆ ಜಿಂಗು

ಇಸೆ ಜಿಂಗು ಜಪಾನಿನ ಮಿಯೆ ಪ್ರಾಂತದ ಇಸೆ ನಗರದಲ್ಲಿರುವ, ಶಿಂತೊ ಪರಂಪರೆಯ ಅತ್ಯಂತ ಪವಿತ್ರ ಕ್ಷೇತ್ರ. ಸೂರ್ಯದೇವತೆ ಅಮತೆರಾಸು ನೆಲೆಸಿರುವ ನೈಕು (ಒಳಗುಡಿ) ಮತ್ತು ಅನ್ನಾಹಾರದ ದೇವತೆ ತೊಯೊಉಕೆಯ ಗೆಕು (ಹೊರಗುಡಿ) ಇದರ ಪ್ರಧಾನ ಸನ್ನಿಧಿಗಳು. ಉಪಗುಡಿಗಳೂ ಸೇರಿ ಇಲ್ಲಿ ಒಟ್ಟು 125 ಗುಡಿಗಳಿವೆ. ಜಪಾನಿನ ರಾಜಮನೆತನ ಅಮತೆರಾಸುವನ್ನು ತನ್ನ ಮೂಲದೇವತೆಯೆಂದು ನಂಬುತ್ತದೆ. ಆಕೆಯ ಪ್ರತೀಕವಾದ ಕನ್ನಡಿ ನೈಕುವಿನ ಗರ್ಭಗುಡಿಯಲ್ಲಿದೆಯೆಂಬುದು ಪ್ರತೀತಿ. ಅದನ್ನು ಭಕ್ತರಿಗೆ ತೋರಿಸುವುದಿಲ್ಲ.

ವಾಸ್ತುಶೈಲಿ: ಹಿನೋಕಿ ಮರದಿಂದ ಕಟ್ಟಿದ ಈ ಗುಡಿಗಳಿಗೆ ಬಣ್ಣ ಬಳಿಯುವುದಿಲ್ಲ. ಕಂಬಗಳನ್ನು ಅಡಿಗಲ್ಲಿಲ್ಲದೆ ನೇರವಾಗಿ ನೆಲದಲ್ಲಿ ಹೂಳಿ, ಮೇಲೆ ಹುಲ್ಲು ಹೊದಿಸುತ್ತಾರೆ. ಪ್ರಾಚೀನ ಜಪಾನಿನ ಧಾನ್ಯದ ಉಗ್ರಾಣಗಳಿಂದ ಈ ರೂಪ ಬೆಳೆದುಬಂದಿತೆಂದು ಹೇಳಲಾಗುತ್ತದೆ. ಮಾಡಿನ ನೆತ್ತಿಯ ಮೇಲೆ ಅಡ್ಡಲಾಗಿ ಜೋಡಿಸಿದ ಮರದ ದಿಮ್ಮಿಗಳು ನೈಕುವಿನ ಮುಖ್ಯಗುಡಿಯಲ್ಲಿ 10, ಗೆಕುವಿನಲ್ಲಿ 9.

ದರ್ಶನಕ್ರಮ: ಮೊದಲು ಗೆಕು, ಆಮೇಲೆ ನೈಕು ಎಂಬುದು ವಾಡಿಕೆ. ನೈಕುವಿಗೆ ಹೋಗುವವರು ತೋರಿಯಿ ಎಂಬ ಮಹಾದ್ವಾರದ ಬಳಿ ತಲೆಬಾಗಿ, ಇಸುಝು ನದಿಯ ಮೇಲಿನ ಉಜಿ ಸೇತುವೆಯನ್ನು ದಾಟುತ್ತಾರೆ. ಬಳಿಕ ಶುದ್ಧಿ. ಬಲಗೈಯಲ್ಲಿ ಸೌಟು ಹಿಡಿದು ಎಡಗೈಯನ್ನೂ, ಕೈ ಬದಲಿಸಿ ಬಲಗೈಯನ್ನೂ ತೊಳೆಯಬೇಕು. ಎಡ ಅಂಗೈಗೆ ನೀರು ಸುರಿದುಕೊಂಡು ಬಾಯಿ ಮುಕ್ಕಳಿಸಿ, ಆ ಕೈಯನ್ನು ಮತ್ತೆ ತೊಳೆಯಬೇಕು. ಕೊನೆಗೆ ಸೌಟನ್ನು ನೆಟ್ಟಗೆ ಎತ್ತಿದರೆ ಉಳಿದ ನೀರು ಹರಿದು ಹಿಡಿಯೂ ಶುದ್ಧವಾಗುತ್ತದೆ. ಸನ್ನಿಧಿಯಲ್ಲಿ ಎರಡು ಬಾರಿ ಬಾಗಿ, ಎರಡು ಬಾರಿ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಿ ನಮಿಸುತ್ತಾರೆ. ಮುಖ್ಯಗುಡಿ ಹಲವು ಸುತ್ತಿನ ಬೇಲಿಗಳ ಒಳಗಿರುವುದರಿಂದ ಸಾಮಾನ್ಯ ಭಕ್ತರ ಪ್ರಾರ್ಥನೆ ಹೊರಬಾಗಿಲಿನಲ್ಲೇ ನಡೆಯುತ್ತದೆ. ಅಲ್ಲಿ ಛಾಯಾಚಿತ್ರ ತೆಗೆಯುವಂತಿಲ್ಲ.

ಪೂಜೆ: ಗೆಕುವಿನಲ್ಲಿ ದಿನಕ್ಕೆರಡು ಹೊತ್ತು ದೇವತೆಗಳಿಗೆ ಅನ್ನ, ಉಪ್ಪು, ನೀರು, ಮೀನು, ತರಕಾರಿ, ಸಾಕೆ ಮದ್ಯಗಳ ನೈವೇದ್ಯ ನಡೆಯುತ್ತದೆ. ಇದಕ್ಕೆ ಬೆಂಕಿಯನ್ನು ಮರದಿಂದ ಮರವನ್ನು ಕಡೆದು ಹೊತ್ತಿಸುತ್ತಾರೆ. ಅಕ್ಟೋಬರಿನಲ್ಲಿ ಹೊಸ ಭತ್ತವನ್ನು ಅರ್ಪಿಸುವ ಕನ್ನಮೆಸಾಯ್ ವರ್ಷದ ಮುಖ್ಯ ಉತ್ಸವ.

ಪುನರ್ನಿರ್ಮಾಣ: ಪ್ರತಿ 20 ವರ್ಷಕ್ಕೊಮ್ಮೆ ಪಕ್ಕದ ಖಾಲಿ ನಿವೇಶನದಲ್ಲಿ ಅದೇ ಅಳತೆಯ ಹೊಸ ಗುಡಿ ಕಟ್ಟಿ, ರಾತ್ರಿಯ ಕತ್ತಲಲ್ಲಿ ದೇವರನ್ನು ಅಲ್ಲಿಗೆ ಬಿಜಯಂಗೈಸುವ ವಿಧಿಗೆ ಶಿಕಿನೆನ್ ಸೆಂಗು ಎಂದು ಹೆಸರು. ನೈಕುವಿನಲ್ಲಿ ಇದು ಮೊದಲು ನಡೆದದ್ದು 690ರಲ್ಲಿ, ಸಾಮ್ರಾಜ್ಞಿ ಜಿತೊ ಕಾಲದಲ್ಲಿ. ಅಂತರ್ಯುದ್ಧಗಳಿಂದಾಗಿ 15-16ನೆಯ ಶತಮಾನಗಳಲ್ಲಿ ನೂರಕ್ಕೂ ಹೆಚ್ಚು ವರ್ಷ ನಿಂತುಹೋಗಿದ್ದ ವಿಧಿ 1585ರಲ್ಲಿ ಪೂರ್ಣರೂಪದಲ್ಲಿ ಮತ್ತೆ ಆರಂಭವಾಯಿತು. 62ನೆಯದು 2013ರಲ್ಲಿ ನಡೆಯಿತು, ಮುಂದಿನದು 2033ಕ್ಕೆ. ಗುಡಿಯೊಂದಿಗೆ ದೇವರ ಉಡುಗೆ, ಖಡ್ಗ, ಆಭರಣಗಳನ್ನೂ ಹೊಸದಾಗಿ ತಯಾರಿಸುವುದರಿಂದ ಬಡಗಿ, ನೇಕಾರ, ಲೋಹಶಿಲ್ಪಿಗಳ ಕಸುಬು ಒಂದು ಪೀಳಿಗೆಯಿಂದ ಇನ್ನೊಂದಕ್ಕೆ ದಾಟುತ್ತದೆ. ಇಸೆಯ ಪ್ರಾಚೀನತೆ ಉಳಿದುಬಂದಿರುವುದೇ ಈ ನವೀಕರಣದಿಂದ. ಹಳೆಯ ಮರವೂ ವ್ಯರ್ಥವಾಗುವುದಿಲ್ಲ. ಮುಖ್ಯಗುಡಿಗಳ ದೊಡ್ಡ ಕಂಬಗಳು ಉಜಿ ಸೇತುವೆಯ ಎರಡು ತುದಿಗಳ ಮಹಾದ್ವಾರಗಳಾಗುತ್ತವೆ. ಉಳಿದ ಮರಮುಟ್ಟು ದೇಶದ ಇತರ ಶಿಂತೊ ಗುಡಿಗಳಿಗೆ ಸಲ್ಲುತ್ತದೆ.